ನಮ್ಮ ಹೊಲದ ಮಾನ

ಮಣ್ಣು ಪರೀಕ್ಷೆ ಮಾಡಿಸಿಯೇ ಬಿತ್ತೋಣ ಎಂದು ಶಾಗ್ಯದ ನಮ್ಮ ಮನೆಯಲ್ಲಿ ಹಠ ಹಿಡಿದವಳು ನಾನು. ಇರುವುದು ಎರಡೆಕರೆ. ಮಳೆ ನಂಬಿಕೊಂಡು ವರ್ಷಕ್ಕೊಂದು ಮುಸುಕಿನ ಜೋಳ, ಅಷ್ಟೇ. ಹೊಲದ ಒಂಬತ್ತು ಕಡೆ ಅಗೆದು, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ತನ್ನಿ ಎಂದಿದ್ದರು ಕೊಳ್ಳೇಗಾಲದಲ್ಲಿ ಪರೀಕ್ಷೆ ಮಾಡುವ ಮೇಡಂ. ಅಗೆಯಬೇಕಾದ ದಿನವೇ ನನಗೆ ಜ್ವರ. ಚೀಲವನ್ನು ಅತ್ತೆಯ ಕೈಗೆ ಕೊಟ್ಟೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಅತ್ತೆ ತಂದ ಮಣ್ಣು ಪುಡಿಪುಡಿಯಾಗಿ, ಮೆತ್ತಗಿತ್ತು. ನಮ್ಮ ಹೊಲದ್ದು ಇಷ್ಟು ಚೆನ್ನಾಗಿದೆಯಾ ಎಂದು ನಾನೂ ಹಿಗ್ಗಿದೆ. ಜ್ವರದ ಕಣ್ಣು, ಸಂಶಯವೇ ಬರಲಿಲ್ಲ.

ಮಣ್ಣು ಪರೀಕ್ಷೆಯ ಕಾರ್ಡು ಬಂತು. ಎಲ್ಲವೂ ಧಾರಾಳ, ಗೊಬ್ಬರ ಬೇಡ. ಸರಿ, ಹಾಕಲಿಲ್ಲ. ಜೋಳ ಮೊಣಕಾಲುದ್ದ ಬರುವಷ್ಟರಲ್ಲಿ ಎಳೆ ಎಲೆಗಳ ತುಂಬ ಬಿಳಿ ಪಟ್ಟೆ. ಪೈರು ಅಲ್ಲಿಗೇ ನಿಂತುಬಿಟ್ಟಿತು.

"ನಿನ್ ಪರೀಕ್ಸೆ ಪಾಸು, ಬೆಳೆ ಪೇಲು ಕಣಮ್ಮಿ," ಎಂದು ಗಂಡ ಆಡಿಕೊಂಡರು.

ಕಾರ್ಡು ಹಿಡಿದು ಕೊಳ್ಳೇಗಾಲಕ್ಕೆ ಜಗಳಕ್ಕೇ ಹೋದೆ. ಫೋನಿನಲ್ಲಿದ್ದ ಪೈರಿನ ಫೋಟೊ ನೋಡಿದ ಮೇಡಂ, "ಇದು ಜಿಂಕ್ ಕೊರತೆ ಕಣಮ್ಮ. ನೀವು ಕೊಟ್ಟಿದ್ದು ಹೊಲದ ಮಣ್ಣೋ, ತಿಪ್ಪೆ ಮಣ್ಣೋ?" ಎಂದರು.

ಮನೆಗೆ ಬಂದವಳೇ ಕೇಳಿದೆ. ಅತ್ತೆ ಸೊಪ್ಪು ಸೋಸುತ್ತಲೇ ಹೇಳಿದರು.

"ಊಂ, ತಿಪ್ಪೆ ಮಗ್ಗುಲಲ್ಲಿ ತಗ್ದೆ. ನೋಡೋರು ಓದ್ದೋರು. ಎಣ್ ನೋಡಕ್ ಬಂದಾಗ ಅರ್ಕಲು ಸೀರೆ ಉಡ್ಸಿ ನಿಲ್ಸ್ತಾರೇನವ್ವ?"

"ಅಯ್ಯೋ ಅತ್ತೆ, ಅದು ಪರೀಕ್ಸೆ! ಸಂಬಂದ ನೋಡೋದಲ್ಲ!"

"ನಮ್ ವಲದ ಮಾನ ಅಲ್ವಾ?"

ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಅದಕ್ಕೆ ವರ್ಷದ ಬೆಳೆಯನ್ನೇ ಬಲಿ ಕೊಡುವುದೇ? ಮೇಡಂ ಹೇಳಿದ್ದನ್ನು ಎಲೆಗೆ ಸಿಂಪಡಿಸಿ ಅರ್ಧ ಪೈರು ಉಳಿಸಿಕೊಂಡೆವು. ಮಿಕ್ಕಿದ್ದು ದನಗಳ ಪಾಲಾಯಿತು. ನನಗೆ ಅಳುವಷ್ಟು ಸಿಟ್ಟು ಬಂದಿತ್ತು.

ಮುಂದಿನ ಬಿತ್ತನೆಗೆ ಮೊದಲು ನಾನೇ ಅಗೆದೆ. ಅತ್ತೆ ಬೆನ್ನ ಹಿಂದೆಯೇ.

"ಆ ಮೂಲೆ ಬುಡವ್ವ, ಅಲ್ಲಿ ಗರ್ಕೆನೂ ಬೆಳ್ಯಾಕಿಲ್ಲ."

"ಅದೇ ಬೇಕಾಗಿರೋದು," ಎಂದು ಗುದ್ದಲಿ ಹಾಕಿದೆ.

ಹೊಸ ಕಾರ್ಡು ಬಂದಾಗ ಅತ್ತೆ ಊಟಕ್ಕೆ ಕೂತಿದ್ದರು. ನಾಟಲಿ ಎಂದು ಬೇಕೆಂತಲೇ ಗಟ್ಟಿಯಾಗಿ ಓದಿದೆ: ಜಿಂಕ್ ಇಲ್ಲ, ಸಾರಜನಕ ಕಮ್ಮಿ, ಸಾವಯವ ಅಂಶ ತೀರಾ ಕಮ್ಮಿ.

"ಅಂಗಂದ್ರೆ?"

"ನಿಮ್ ವಲದ ವಟ್ಟೆ ಖಾಲಿ ಅಂತ."

ಅತ್ತೆ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದರು.

"ಇಷ್ಟ್ ವರ್ಸ ಅದು ಅಸ್ಕಂಡೇ ನಮ್ಗೆಲ್ಲ ಉಣ್ಣಾಕ್ ಇಕ್ತಿತ್ತಾ?"