ಅಕ್ಕನ ಸ್ಕ್ಯಾನ್ ರಿಪೋರ್ಟನ್ನು ನಾನೇ ಓದಿದ್ದು

2007ರ ಶ್ರಾವಣ ಮಾಸ. ನಾನಾಗ ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ಪಾರ್ವತಕ್ಕ. ಅಪ್ಪ, ಅಮ್ಮ ಬೇಗ ತೀರಿಕೊಂಡಿದ್ದರಿಂದ ಬ್ಲೌಸ್ ಹೊಲಿದು ನನ್ನನ್ನೂ ತಂಗಿ ಮಂಗಳಾಳನ್ನೂ ಓದಿಸಿದವಳು ಈ ಅಕ್ಕ. ಮದುವೆಯ ಮಾತೆತ್ತಿದರೆ "ಪುರುಸೊತ್ತಿಲ್ಲ ಕಣೋ" ಎಂದು ನಕ್ಕುಬಿಡುತ್ತಿದ್ದಳು.

ಆ ವರ್ಷ ಅವಳ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ಗೊತ್ತಾಯಿತು. ನಿಧಾನವಾಗಿ ಬೆಳೆಯುವ ಜಾತಿಯದು ಎಂಬುದೊಂದೇ ಸಮಾಧಾನ. ಹೃದಯ ದುರ್ಬಲವಾಗಿದ್ದರಿಂದ ಆಪರೇಷನ್ ಮಾಡುವಂತಿರಲಿಲ್ಲ. ಬೆಂಗಳೂರಿನ ವೈದ್ಯರು ಹೊಟ್ಟೆಯೊಳಕ್ಕೆ ಸೂಜಿ ತೂರಿಸಿ ಗಡ್ಡೆಯನ್ನು ಶಾಖದಿಂದ ಸುಟ್ಟರು. ಒಂದು ತಿಂಗಳ ನಂತರ ಮೈಸೂರಿನಲ್ಲೇ ಸ್ಕ್ಯಾನ್ ಮಾಡಿಸಿ ನಮ್ಮ ಡಾಕ್ಟರಿಗೆ ತೋರಿಸಲು ಹೇಳಿ ಕಳಿಸಿದರು.

ಸ್ಕ್ಯಾನ್ ಮುಗಿಸಿ ಹೊರಬಂದ ಅಕ್ಕ, "ಅದೇನೋ ಸೂಜಿ ಚುಚ್ಚಿದ್ರು, ಮೈಯೆಲ್ಲ ಬಿಸಿನೀರು ಹರಿದಂಗಾಯ್ತು ಕಣೋ ಶಂಕ್ರ" ಎಂದಳು. ಅವಳನ್ನು ಮನೆಗೆ ಬಿಟ್ಟು, ಸಂಜೆ ರಿಪೋರ್ಟ್ ತರಲು ನಾನೊಬ್ಬನೇ ಜಯಲಕ್ಷ್ಮಿಪುರಂಗೆ ಹೋದೆ. ಡಾಕ್ಟರನ್ನು ನೋಡುವುದು ಮಾರನೇ ದಿನ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗೆಲ್ಲಿತ್ತು? ಸ್ಕೂಟರ್ ಪಕ್ಕ ನಿಂತೇ ಲಕೋಟೆ ಬಿಚ್ಚಿದೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಅಂಕಿ ಅರ್ಥವಾಯಿತು. ಸುಡುವ ಮೊದಲು ಎರಡೂವರೆ ಸೆಂಟಿಮೀಟರ್ ಇದ್ದದ್ದು ಈಗ ನಾಲ್ಕಾಗಿತ್ತು.

ಮನೆಗೆ ಹೋಗಲಾಗದೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೂತು ಅತ್ತೆ. ಅಲ್ಲಿಂದಲೇ ನಂಜನಗೂಡಿಗೆ ಫೋನ್ ಮಾಡಿ ಮಂಗಳಾಳಿಗೆ ಎಲ್ಲ ಹೇಳಿಬಿಟ್ಟೆ. ಮನೆಗೆ ಬಂದವನು ರಿಪೋರ್ಟನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ತುರುಕಿ, "ಇನ್ನೂ ಬಂದಿಲ್ಲಕ್ಕ, ನಾಳೆ ಡಾಕ್ಟರ ಹತ್ರಾನೇ ಕಳಿಸ್ತಾರಂತೆ" ಎಂದು ಸುಳ್ಳು ಹೇಳಿದೆ.

ಬೆಳಗ್ಗೆ ಎಂಟಕ್ಕೆಲ್ಲ ಮಂಗಳಾ ಗಂಡ, ಮಕ್ಕಳ ಸಮೇತ ಬಂದಿಳಿದಳು. ಕಣ್ಣು ಊದಿತ್ತು.

"ಏನೇ ಇದು, ಹೇಳ್ದೆ ಕೇಳ್ದೆ ಬಂದ್ಬುಟ್ಟಿದ್ದೀಯ?" ಎಂದಳು ಅಕ್ಕ.

"ಸುಮ್ನೆ ಕಣಕ್ಕ, ನಿನ್ನ ನೋಡ್ಬೇಕು ಅನ್ನಿಸ್ತು."

ಅಕ್ಕ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು. ನನ್ನ ಹೆಂಡತಿಯನ್ನು ಒಲೆಯ ಹತ್ತಿರ ಬಿಡದೆ ತಾನೇ ಉಪ್ಪಿಟ್ಟು ಮಾಡಿ ಎಲ್ಲರಿಗೂ ಬಡಿಸಿದಳು. ಮಂಗಳಾಳ ಮಗಳಿಗೆ ಜಡೆ ಹಾಕಿದಳು. ಆಮೇಲೆ ಹಸಿರು ರೇಷ್ಮೆ ಸೀರೆಯುಟ್ಟು "ನಡೀರಿ" ಎಂದಳು.

ಅಕ್ಕನಿಗೆ ಕಾಣದಂತೆ ಚೀಲದಲ್ಲಿ ತಂದಿದ್ದ ಲಕೋಟೆಯನ್ನು ಡಾಕ್ಟರಮ್ಮನಿಗೆ ಕೊಟ್ಟೆ. ಅವರು ಹಳೆಯ ಫಿಲ್ಮನ್ನೂ ಹೊಸದನ್ನೂ ದೀಪದ ಪೆಟ್ಟಿಗೆಗೆ ಅಕ್ಕಪಕ್ಕ ಸಿಕ್ಕಿಸಿ ತುಂಬಾ ಹೊತ್ತು ನೋಡಿದರು. ನಂತರ ನಮ್ಮ ಮುಖಗಳನ್ನು ನೋಡಿ, "ರಿಪೋರ್ಟ್ ಓದ್ಬಿಟ್ಟಿದ್ದೀರಾ?" ಎಂದರು. ನಾನು ತಲೆ ತಗ್ಗಿಸಿದೆ.

"ಇಲ್ಲಿ ನೋಡಿ. ಹಳೇದ್ರಲ್ಲಿ ಗಡ್ಡೆ ಬೆಳ್ಳಗೆ ಹೊಳೀತಿದೆ. ಅದಕ್ಕೆ ರಕ್ತ ಹೋಗ್ತಿತ್ತು. ಈಗ ಅದೇ ಜಾಗ ಪೂರ್ತಿ ಕಪ್ಪು, ಅಂದ್ರೆ ರಕ್ತ ಹೋಗ್ತಿಲ್ಲ, ಗಡ್ಡೆ ಸತ್ತಿದೆ. ಈ ನಾಲ್ಕು ಸೆಂಟಿಮೀಟರ್ ಗಡ್ಡೆಯದಲ್ಲ, ಸುಟ್ಟ ಜಾಗದ್ದು. ಗಡ್ಡೆಗಿಂತ ಸ್ವಲ್ಪ ಅಗಲವಾಗೇ ಸುಡ್ತಾರೆ, ಇಲ್ಲಾಂದ್ರೆ ಅಂಚಲ್ಲಿ ಉಳ್ಕೊಂಡ್ಬಿಡುತ್ತೆ. ಇದು ಒಳ್ಳೇ ರಿಪೋರ್ಟು ಕಣ್ರೀ! ಆದ್ರೂ ಮೂರು ತಿಂಗಳಿಗೊಂದ್ಸಲ ಸ್ಕ್ಯಾನ್ ಮಾಡಿಸ್ತಾ ಇರ್ಬೇಕು."

ಮಂಗಳಾ ಜೋರಾಗಿ ಅಳಲು ಶುರುಮಾಡಿದಳು. ಅಕ್ಕ ಮಾತ್ರ, "ಅಂದ್ರೆ ತಳ ಹಿಡಿದು ಸೀದು ಹೋಗಿದೆ ಅಂತ ತಾನೇ?" ಎಂದಳು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನಾನು, "ಸುಳ್ಳು ಹೇಳ್ಬುಟ್ಟೆ, ತಪ್ಪಾಯ್ತಕ್ಕ" ಎಂದೆ.

"ನಂಗೊತ್ತಿತ್ತು ಬುಡು. ಬೆಳಿಗ್ಗೆ ಬೀರುಗೆ ಬಟ್ಟೆ ಇಡೋವಾಗ ಸಿಕ್ತು. ದಿನಾ ಟೇಪ್ ಹಿಡಿಯೋಳಿಗೆ ಎರಡೂವರೆ ಯಾವ್ದು, ನಾಲ್ಕು ಯಾವ್ದು ಗೊತ್ತಾಗಲ್ವೇನೋ?"

ನಾನು ದಂಗಾದೆ. "ಮತ್ತೆ ಯಾಕಕ್ಕ ಸುಮ್ನಿದ್ದೆ?"

"ನೀವಿಬ್ರೂ ನಂಗೆ ಗೊತ್ತಾಗ್ಬಾರ್ದು ಅಂತ ಅಷ್ಟು ಕಷ್ಟಪಡ್ತಿದ್ರಲ್ಲ. ನಾನು ಅತ್ರೆ ನೀವು ಉಪ್ಪಿಟ್ಟು ತಿಂತಿದ್ರಾ?"

ಮುಂದಿನ ಸ್ಕ್ಯಾನ್‌ಗಳಲ್ಲಿ ಆ ಕಪ್ಪು ಜಾಗ ಕುಗ್ಗುತ್ತಾ ಬಂತು. ಎರಡು ವರ್ಷ ಕಳೆದಿದೆ, ಅಕ್ಕ ಗೆಲುವಾಗಿದ್ದಾಳೆ. ಅಷ್ಟು ದೊಡ್ಡ ಭಯವನ್ನು ಒಳಗಿಟ್ಟುಕೊಂಡು ಆ ಬೆಳಗ್ಗೆ ಅವಳು ಓಡಾಡಿದ್ದು ಈಗಲೂ ಉಪ್ಪಿಟ್ಟು ತಿನ್ನುವಾಗಲೆಲ್ಲ ನೆನಪಾಗುತ್ತದೆ. ಅವಳಿಂದ ಏನನ್ನೂ ಮುಚ್ಚಿಡಬಾರದು ಎಂದು ಅಂದೇ ತೀರ್ಮಾನಿಸಿದೆ. ಮುಚ್ಚಿಟ್ಟರೂ ಅವಳಿಗೆ ಗೊತ್ತಾಗಿಬಿಡುತ್ತದೆ, ಆ ಮಾತು ಬೇರೆ!