ಅಪ್ಪನ ಕೋಣೆಗೆ ಕಟ್ಟಿದ ಉಮಿ ಚೀಲಗಳು

ಅರುವತ್ತರ ದಶಕದ ಆರಂಭದಲ್ಲಿ ತಣ್ಣೀರುಬಾವಿಯ ನಮ್ಮ ಹಂಚಿನ ಮನೆಗೆ ಎರಡು ಕೋಣೆ. ಒಂದರಲ್ಲಿ ಅಪ್ಪನ ನಿದ್ದೆ, ಇನ್ನೊಂದರಲ್ಲಿ ನನ್ನ ತಬಲಾ. ಎರಡಕ್ಕೂ ಸಿಗುತ್ತಿದ್ದುದು ಮಧ್ಯಾಹ್ನ ಮಾತ್ರ. ಅಪ್ಪ ಬೆಳಕು ಹರಿಯುವ ಮೊದಲೇ ಕಡಲಿಗೆ ಹೋಗಿ ಬಂದು, ಉಂಡು ಮಲಗುವವರು. ನಾನು ಹಂಚಿನ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಬಂದು, ಸಂಜೆ ನಾಟಕಕ್ಕೆ ತಬಲಾ ಬಾರಿಸಲು ಹೋಗುವ ಮೊದಲು ಕೈ ಪಳಗಿಸಬೇಕು.

"ನಿದ್ದೆಗೆಟ್ಟು ದೋಣಿ ಹತ್ತಿದವ ಒಂದು ದಿನ ವಾಪಸ್ ಬರುದಿಲ್ಲ. ಇನ್ನೊಮ್ಮೆ ಎಚ್ಚರ ಆದ್ರೆ ನಿನ್ನ ತಬಲಾ ಹೊಳೆಗೆ," ಎಂದರು ಅಪ್ಪ. ಮಾತಿನಲ್ಲಿ ನ್ಯಾಯವಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ನೆರೆಯ ಬ್ಯಾರಿ ವ್ಯಾಪಾರಿ ಹಳೆಯ ಗೋಣಿಗಳನ್ನು ಕೊಟ್ಟರು. "ಭತ್ತದ ಉಮಿ ತುಂಬಿಸಿ ಗೋಡೆಗೆ ಕಟ್ಟು. ನಿನ್ನ ಗಲಾಟೆಗೆ ನನ್ನ ತಕ್ಕಡಿಯೂ ನಡುಗ್ತದೆ ಮಾರಾಯ."

ನನ್ನ ಕೋಣೆ ದೊಡ್ಡದು, ಅಪ್ಪನದು ಚಿಕ್ಕದು. ಚಿಕ್ಕದನ್ನೇ ಮುಚ್ಚಿದರೆ ಕೆಲಸ ಸುಲಭ ಎಂದು ಅಮ್ಮ ಮತ್ತು ನಾನು ತೀರ್ಮಾನಿಸಿದೆವು. ಅಪ್ಪನ ಕೋಣೆಯ ಗೋಡೆಗೆ ಉಮಿ ಚೀಲ, ಕಿಟಕಿಗೆ ಮಡಚಿದ ಹಳೆಯ ಬಲೆ. ಮೀನಿನ ವಾಸನೆಗೆ ಕೇರಿಯ ಬೆಕ್ಕುಗಳೆಲ್ಲ ಬಂದು ಕಿಟಕಿಯಡಿ ಕೂತವು. ಅಪ್ಪ ಮಾತ್ರ ಸಂಜೆಯವರೆಗೆ ಗೊರಕೆ ಹೊಡೆದರು. ನಾನು ಮನಸಾರೆ ಬಾರಿಸಿದೆ.

ನಮ್ಮಲ್ಲಿ ದಡದ ಹತ್ತಿರ ಮೀನಿನ ಹಿಂಡು ಕಂಡರೆ ಯಾರಾದರೂ ಕೂ ಹಾಕುತ್ತಾರೆ. ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆಯ ತಂಡದವರು, ಅಪ್ಪನೂ ಸೇರಿ, ಇದ್ದಲ್ಲಿಂದ ಓಡಿಹೋಗಿ ಹಗ್ಗಕ್ಕೆ ಕೈ ಹಾಕಬೇಕು. ಆ ವಾರವೇ ಒಂದು ಮಧ್ಯಾಹ್ನ ಕೂ ಬಿತ್ತು. ಅಮ್ಮ ಮೀನು ಮಾರಲು ಹೋಗಿದ್ದರು, ನಾನು ತಬಲಾದಲ್ಲಿ ಮುಳುಗಿದ್ದೆ, ಅಪ್ಪನಿಗೆ ಕೇಳಿಸಲಿಲ್ಲ. ಅವರು ಏಳುವಾಗ ಬಲೆ ದಡಕ್ಕೆ ಬಂದಾಗಿತ್ತು. ತಂಡದವರು ಅವರ ಪಾಲಿನ ಮೀನನ್ನು ಬುಟ್ಟಿಯಲ್ಲಿ ತುಂಬಿಸಿ ಜಗಲಿಯಲ್ಲಿ ಇಟ್ಟುಹೋಗಿದ್ದರು.

ತಾನು ಎಳೆಯದ ಬಲೆಯ ಮೀನನ್ನು ಅಪ್ಪ ಮುಟ್ಟಲಿಲ್ಲ. ಚೀಲಗಳನ್ನು ಕಿತ್ತು ಅಂಗಳಕ್ಕೆ ಎಸೆದರು. "ಸದ್ದು ಮಾಡುವವ ಅಲ್ಲಿ ಇದ್ದಾನೆ. ನನ್ನ ಕಿವಿ ಎಂತಕ್ಕೆ ಮುಚ್ಚಿದ್ದು?"

ಚೀಲಗಳು ನನ್ನ ಕೋಣೆಗೆ ಬಂದವು. ಗೋಡೆ ಮುಚ್ಚಿದರೂ ಸದ್ದು ಹಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಹಂಚಿನಡಿ ಬಲೆ ಬಿಗಿದು, ಅದರ ಮೇಲೆ ಚೀಲ ಹಾಸಿದೆವು. ತಬಲಾದ ಕೆಳಗೆ ಚಾಪೆ, ಬಾಗಿಲಿಗೆ ದಪ್ಪ ಕಂಬಳಿ. ಕೋಣೆ ಒಲೆಯಂತೆ ಕಾಯುತ್ತಿತ್ತು. ಆದರೂ ಎಡಗೈಯ ಗುಮುಗುಮು ನಿಲ್ಲಲಿಲ್ಲ. ಅಮ್ಮ ಅಪ್ಪನ ಮಂಚದ ಬಳಿ ನಿಂತು ಆಲಿಸಿದರು.

"ದೂರದಲ್ಲಿ ಯಾರೋ ಅಕ್ಕಿ ಕುಟ್ಟಿದ ಹಾಗೆ ಉಂಟು."

"ಅಷ್ಟು ಇರ್ಲಿ," ಎಂದರು ಅಪ್ಪ. "ಕಡಲು ಎಂತ ಸುಮ್ಮನೆ ಇರ್ತದಾ?"

ಆ ಒಪ್ಪಂದ ಕೆಲವು ವರ್ಷ ನಡೆಯಿತು. ಆಮೇಲೆ ಅಪ್ಪನ ಭುಜ ಸೋತು ಕಡಲಿಗೆ ಹೋಗುವುದೂ ಹಗ್ಗ ಎಳೆಯುವುದೂ ನಿಂತಿತು. ಕೂ ಕೇಳಿದಾಗಲೆಲ್ಲ ಅವರ ಕಾಲುಗಳು ಮಂಚದಿಂದ ಕೆಳಗಿಳಿಯುತ್ತಿದ್ದವು. ಇಳಿದು ಅಲ್ಲೇ ಇರುತ್ತಿದ್ದವು. ಅದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು.

ಒಂದು ಮಧ್ಯಾಹ್ನ ಕೂ ಬಿದ್ದು ಎಲ್ಲರೂ ದಡಕ್ಕೆ ಓಡಿದರು. ಅಪ್ಪ ನನ್ನ ಕೋಣೆಗೆ ಬಂದು ಬಾಗಿಲಿನ ಕಂಬಳಿ ಬಿಚ್ಚತೊಡಗಿದರು.

"ಎಂತ ಅಪ್ಪ?"

"ಜೋರಾಗಿ ಬಾರಿಸು. ಆ ಕೂ ನನಗೆ ಕೇಳುದು ಬೇಡ."

ಬಾಗಿಲು ತೆರೆದೇ ಇಟ್ಟು ಬಾರಿಸಿದೆ. ಅಪ್ಪ ಜಗಲಿಯಲ್ಲಿ ಕಡಲಿಗೆ ಬೆನ್ನು ಹಾಕಿ ಕೂತಿದ್ದರು.