ಮೂರನೆಯ ಕಿಟಕಿ

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಮಾಲೂರಿನಲ್ಲಿ ಗಾರೆ ಕೆಲಸ ಮಾಡಿಕೊಂಡೇ ಅಪ್ಪ ನನ್ನನ್ನು ಎಂಜಿನಿಯರಿಂಗ್ ಓದಿಸಿದ. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ವರ್ಷ ಕೋಲಾರದಲ್ಲಿ ನನ್ನೊಬ್ಬನ ಕೈಗೇ ಬಿಟ್ಟ ಮೊದಲ ಕೆಲಸವೆಂದರೆ ಒಂದು ಹಳೆಯ ಮನೆಯ ನಕ್ಷೆ ಬರೆಯುವುದು.

ಹಿಂದಿನ ಶತಮಾನದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನೂರಿನ ಪೇಟೆಮನೆಯಂತೆಯೇ ಅದನ್ನು ಕಟ್ಟಿಸಿದ್ದನಂತೆ. ಜಗಲಿಯಿಲ್ಲ, ತೊಟ್ಟಿಯಿಲ್ಲ, ಬೀದಿಯಿಂದ ನೆಟ್ಟಗೆ ಎದ್ದ ಎರಡು ಅಂತಸ್ತು. ಕೋಣೆಕೋಣೆಗೂ ಮೈ ಕಾಯಿಸಿಕೊಳ್ಳಲು ಗೋಡೆಯೊಳಗೆ ಒಲೆ. ಕೋಲಾರದ ಬಿಸಿಲಲ್ಲಿ ಅದನ್ನು ಯಾರು ಹಚ್ಚುತ್ತಿದ್ದರೋ! ಆ ಮನೆಯನ್ನು ಮೊದಲಿದ್ದಂತೆಯೇ ಕಾಪಾಡಬೇಕೆಂದು ಸರ್ಕಾರದ ಆಜ್ಞೆ. ಯಾವುದು ಮೊದಲಿನದು, ಯಾವುದು ಆಮೇಲೆ ಸೇರಿಸಿದ್ದು ಎಂದು ಹೇಳಬೇಕಾದವನು ನಾನು.

ಬೀದಿಗೆ ಕಾಣುವ ಪಕ್ಕದ ಗೋಡೆಯ ಮೇಲಂತಸ್ತಿನಲ್ಲಿ ಹೊರಗಿನಿಂದ ಎಣಿಸಿದರೆ ಮೂರು ಕಿಟಕಿ, ಒಳಗಿನಿಂದ ಎರಡೇ. ನಡುವಿನದಕ್ಕೆ ಹೊರಗಡೆ ಕಮಾನು, ಚೌಕಟ್ಟು ಎಲ್ಲ ಇದ್ದವು, ಚೌಕಟ್ಟಿನೊಳಗೆ ಗಾರೆ ಬಳಿದ ಇಟ್ಟಿಗೆ. ಒಳಗಡೆ ಬರೀ ಗೋಡೆ. “ಆಮೇಲೆ ಮುಚ್ಚಿದ್ದು, ಒಡೆದು ತೆರೆಯಬೇಕು” ಎಂದು ನಕ್ಷೆಯಲ್ಲಿ ಬರೆದುಬಿಟ್ಟೆ. ಸೋಮವಾರಕ್ಕೆ ಆಳುಗಳೂ ಗೊತ್ತಾದರು.

ಭಾನುವಾರ ಅಪ್ಪ ಬಂದ. ಮಗನ ಕೆಲಸ ನೋಡುವ ಆಸೆ. ಹೊರಗೆ ಗೋಡೆಗೆ ಒರಗಿಸಿದ್ದ ಏಣಿ ಹತ್ತಿ, ಆ ಕಿಟಕಿಯ ಅಂಚಿನಲ್ಲಿ ಗಾರೆ ಉದುರಿದ ಕಡೆ ಉಗುರಿನಿಂದ ಕೆರೆದ.

“ಇದನ್ನ ಒಡೀತೀರೇನ್ಲಾ?”

“ಮುಚ್ಚಿರೋ ಕಿಟಕಿ ಅಲ್ವೇನಪ್ಪಾ?”

“ಮುಚ್ಚಿದ್ರೆ ಅಂಚಲ್ಲಿ ಮೇಲಿಂದ ಕೆಳೀಕೆ ನೆಟ್ಟಗೆ ಸಂದು ಕಾಣ್ಬೇಕು. ಇಲ್ಲಿ ಗೋಡೆ ಇಟ್ಗೆ, ಕಿಟಕಿ ಇಟ್ಗೆ ಒಂದರೊಳಗೊಂದು ಹೆಣ್ಕೊಂಡವೆ. ಕಟ್ಟೋವಾಗ್ಲೇ ಹಿಂಗೆ ಕಟ್ಟವ್ರೆ. ಅಷ್ಟೊಂದು ಓದಿದೀಯ, ಇಟ್ಗೆ ನೋಡಕ್ಕೆ ಹೇಳ್ಕೊಡ್ಲಿಲ್ವಾ?”

ಒಳಗೆ ಹೋದೆವು. ಆ ಕಿಟಕಿಯ ನೇರಕ್ಕೆ ಕೆಳಗೊಂದು ಒಲೆ. ಅಪ್ಪ ಅದರೊಳಗೆ ತಲೆ ತೂರಿಸಿ, ಮುಖವೆಲ್ಲ ಮಸಿ ಮಾಡಿಕೊಂಡು ಹೊರಬಂದ.

“ಹೊಗೆ ಹೋಗೋ ದಾರಿ ಆ ಕಿಟಕಿ ಹಿಂದ್ಗಡೇನೇ ಐತೆ. ಒಡೆದಿದ್ರೆ ಮೇಲಿನ ಹೊಗೆಗೂಡು ಆಳುಗಳ ತಲೆ ಮೇಲೇ.”

ಕೇಳದೆ ಇರಲಾಗಲಿಲ್ಲ: “ಬೆಳಕೇ ಬರದ ಕಿಟಕಿ ಯಾಕಪ್ಪಾ?”

“ಬೀದೀಲಿ ಹೋಗೋರಿಗೆ ಕಣೋ. ಎರಡೇ ಇದ್ದಿದ್ರೆ ಗೋಡೆ ಬೋಳುಬೋಳು ಕಾಣ್ತಿತ್ತು.”

ಸೋಮವಾರ ಬೆಳಿಗ್ಗೆ ಅಪ್ಪನನ್ನು ಗೋಡೆಯ ಬಳಿ ಕಾವಲಿಟ್ಟು ಕಚೇರಿಗೆ ಓಡಿದೆ. ನಾನು ಬರೆದದ್ದು ತಪ್ಪು ಎಂದೆ.

“ಯಾರ್ರೀ ಹೇಳಿದ್ದು?” ಎಂದರು ಮೇಲಧಿಕಾರಿ.

“ನಮ್ಮ ತಂದೆ ಸಾರ್. ಗಾರೆ ಮೇಸ್ತ್ರಿ.”

ಅವರು ನಕ್ಷೆಯನ್ನೂ ಅದರ ಮೇಲಿನ ಇಂಕು ಕೆರೆಯುವ ಬ್ಲೇಡನ್ನೂ ನನ್ನ ಕಡೆ ಸರಿಸಿದರು. ಅಲ್ಲೇ ನಿಂತು ತಿದ್ದಿದೆ: “ಮೊದಲಿನಿಂದಲೂ ಹೀಗೆಯೇ. ಮುಟ್ಟಕೂಡದು.”

ವಾಪಸು ಬಂದಾಗ ಹಾರೆಗಳು ನೆಲದ ಮೇಲಿದ್ದವು. ಆಳುಗಳು ಒಬ್ಬೊಬ್ಬರಾಗಿ ಏಣಿ ಹತ್ತಿ ಇಟ್ಟಿಗೆ ನೋಡುತ್ತಿದ್ದರು. ಮೇಲಿದ್ದವನು ಕೂಗಿದ, “ಮೇಸ್ತ್ರಿ, ಇಂಥವು ಇನ್ನೆಷ್ಟವೆ?”

ಅಪ್ಪ ನನ್ನ ಕಡೆ ನೋಡಿದ. ಎಣಿಸಿ ನೋಡಲು ಇಬ್ಬರೂ ಹಿಂದಿನ ಗೋಡೆಯ ಕಡೆ ನಡೆದೆವು.